ಉಪ್ಪುಗಾಳಿ ಎಳೆಯುವ ಎಂಜಿನ್ನು

ಯುದ್ಧನೌಕೆಗಳನ್ನು ಓಡಿಸುವ ಗ್ಯಾಸ್ ಟರ್ಬೈನ್ ಮೂಲದಲ್ಲಿ ಜೆಟ್ ವಿಮಾನದ ಎಂಜಿನ್ನೇ. ಮುಂದಿನ ಬಾಯಿಂದ ಗಾಳಿ ಎಳೆದುಕೊಳ್ಳುತ್ತದೆ. ಸಾಲುಸಾಲು ಬ್ಲೇಡುಗಳಿರುವ ಕಂಪ್ರೆಸರ್‌ನಲ್ಲಿ ಅದನ್ನು ಒತ್ತುತ್ತದೆ. ಒತ್ತಿದ ಗಾಳಿಗೆ ಡೀಸೆಲ್ ಸಿಂಪಡಿಸಿ ಉರಿಸುತ್ತದೆ. ನುಗ್ಗಿಬರುವ ಬಿಸಿ ಅನಿಲದಿಂದ ಟರ್ಬೈನಿನ ಚಕ್ರಗಳನ್ನು ತಿರುಗಿಸುತ್ತದೆ. ವಿಮಾನದಲ್ಲಿ ಆ ಅನಿಲ ಹಿಂದಕ್ಕೆ ಚಿಮ್ಮಿ ವಿಮಾನವನ್ನು ಮುಂದೂಡುತ್ತದೆ. ಹಡಗಿನಲ್ಲಿ ಅದು ಹಿಂಬದಿಯ ಇನ್ನೊಂದು ಟರ್ಬೈನಿಗೆ ಬಡಿದು, ಗೇರ್‌ಬಾಕ್ಸ್ ಮತ್ತು ಉದ್ದನೆಯ ಶಾಫ್ಟಿನ ಮೂಲಕ ನೀರೊಳಗಿನ ಪ್ರೊಪೆಲರ್ ತಿರುಗಿಸುತ್ತದೆ. ಪವರ್ ಟರ್ಬೈನ್ ಎನ್ನುವ ಈ ಹಿಂಭಾಗಕ್ಕೂ ಮುಂಭಾಗಕ್ಕೂ ನಡುವೆ ಶಾಫ್ಟಿನ ಜೋಡಣೆ ಇಲ್ಲ. ಬಿಸಿ ಅನಿಲವೊಂದೇ ನಂಟು.

ನೌಕಾಪಡೆಯಲ್ಲಿ ಹೆಸರುವಾಸಿಯಾದ ಎಲ್‌ಎಂ-2500 ಎಂಜಿನ್ನನ್ನು ನೋಡಿದರೆ ಅಳತೆಗಳು ಮನಸ್ಸಿಗೆ ಹತ್ತುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ದೊಡ್ಡ ವಿಮಾನಗಳಿಗೆ ಮಾಡಿದ್ದ ಎಂಜಿನ್ನಿನಿಂದಲೇ ಇದನ್ನು ರೂಪಿಸಿತು. ಕಂಪ್ರೆಸರ್‌ನಲ್ಲಿ 16 ಹಂತ, ಅದನ್ನು ತಿರುಗಿಸುವ ಟರ್ಬೈನಿನಲ್ಲಿ 2 ಹಂತ, ಪವರ್ ಟರ್ಬೈನಿನಲ್ಲಿ 6 ಹಂತ. ಸೆಕೆಂಡಿಗೆ ಸುಮಾರು 70 ಕೆ.ಜಿ. ಗಾಳಿ ಒಳಹೋಗಿ, ಹೊರಗಿನ ಒತ್ತಡಕ್ಕಿಂತ ಸುಮಾರು 18 ಪಟ್ಟು ಒತ್ತಿಸಿಕೊಳ್ಳುತ್ತದೆ. ಉರಿಯುವ ಜಾಗದಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುವ ಕಾವು. ಪವರ್ ಟರ್ಬೈನು ನಿಮಿಷಕ್ಕೆ 3,600 ಸುತ್ತು ತಿರುಗುತ್ತದೆ. ಒಂದು ಎಂಜಿನ್ನಿನಿಂದ 22 ಮೆಗಾವ್ಯಾಟ್ ಅಥವಾ ಇನ್ನೂ ಹೆಚ್ಚು ಶಕ್ತಿ ಸಿಗುತ್ತದೆ.

ಟರ್ಬೈನ್ ಎಂಬುದು ಕೊಳ್ಳೇಗಾಲ ಸೀಮೆಗೆ ಹೊಸ ವಸ್ತುವೇನೂ ಅಲ್ಲ. ಕಾವೇರಿ ಇಬ್ಭಾಗವಾಗಿ ಒಂದು ಕವಲು ಭರಚುಕ್ಕಿಯಾಗಿ, ಇನ್ನೊಂದು ಗಗನಚುಕ್ಕಿಯಾಗಿ ಧುಮುಕುವಲ್ಲಿ, ಆಚೆ ದಡದ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನ ಟರ್ಬೈನುಗಳು ತಿರುಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದವು. ಅಲ್ಲಿ ನೀರು ತನ್ನಷ್ಟಕ್ಕೆ ಬೀಳುತ್ತದೆ, ಚಕ್ರ ತಿರುಗುತ್ತದೆ. ಗ್ಯಾಸ್ ಟರ್ಬೈನಿಗೆ ಆ ಅನುಕೂಲವಿಲ್ಲ. ತನ್ನನ್ನು ತಿರುಗಿಸುವ ಗಾಳಿಯನ್ನು ತಾನೇ ಒತ್ತಿ ಸಿದ್ಧಮಾಡಿಕೊಳ್ಳಬೇಕು. ಟರ್ಬೈನುಗಳು ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಂಪ್ರೆಸರ್‌ಗೇ ಖರ್ಚಾಗುತ್ತದೆ. ಹೀಗಾಗಿ ಕಂಪ್ರೆಸರ್‌ನ ಬ್ಲೇಡುಗಳಿಗೆ ತುಸು ಕೊಳೆ ಹತ್ತಿದರೂ ಇಡೀ ಎಂಜಿನ್ನು ಸೊರಗುತ್ತದೆ. ಹೊಸದಾಗಿ ಸೇರಿದ ಟೆಕ್ನೀಷಿಯನ್ನನ ಕೆಲಸ ಬಹುಪಾಲು ಈ ಒಂದು ಕಾರಣದಿಂದಲೇ ಹುಟ್ಟುತ್ತದೆ.

ಸರಕು ಹಡಗುಗಳಲ್ಲಿ ಈ ಎಂಜಿನ್ನು ಕಾಣುವುದು ಅಪರೂಪ. ನಿಧಾನಗತಿಯಲ್ಲಿ ಇದು ಇಂಧನವನ್ನು ದಂಡಿಯಾಗಿ ಕುಡಿಯುತ್ತದೆ, ಡೀಸೆಲ್ ಎಂಜಿನ್ನು ಅಗ್ಗಕ್ಕೆ ಓಡುತ್ತದೆ. ಯುದ್ಧನೌಕೆಯ ಲೆಕ್ಕ ಬೇರೆ. ಕಡಿಮೆ ತೂಕ, ಕಡಿಮೆ ಜಾಗ, ತಣ್ಣಗಿದ್ದ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಪೂರ್ತಿ ಶಕ್ತಿಗೆ ಏರಬೇಕು ಎಂಬುದು ಅಲ್ಲಿ ಮುಖ್ಯ. 2010ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಶಿವಾಲಿಕ್‌ನಲ್ಲಿ ಎರಡೂ ಇವೆ: ನಿಧಾನ ಓಟಕ್ಕೆ ಎರಡು ಡೀಸೆಲ್, ವೇಗಕ್ಕೆ ಎರಡು ಎಲ್‌ಎಂ-2500. 2025ರ ಜನವರಿಯಲ್ಲಿ ಸೇರಿದ ಐಎನ್‌ಎಸ್ ನೀಲಗಿರಿಯದೂ ಇದೇ ಏರ್ಪಾಡು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್‌ನಲ್ಲಿ ಅಂಥವು ನಾಲ್ಕು. ಮೈಸೂರಿನ ಹೆಸರು ಹೊತ್ತು 1999ರಲ್ಲಿ ಸೇರಿದ ಐಎನ್‌ಎಸ್ ಮೈಸೂರು ಕೂಡ ನಾಲ್ಕು ಗ್ಯಾಸ್ ಟರ್ಬೈನುಗಳ ಹಡಗು; ಆದರೆ ಅವು ಉಕ್ರೇನಿನ ಮಿಕೊಲಾಯಿವ್ ನಗರದ ಜೋರ್ಯಾ ಕಾರ್ಖಾನೆಯವು. ಭಾರತಕ್ಕಾಗಿ ರಷ್ಯಾದಲ್ಲಿ ಕಟ್ಟಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಸಿದ ಐಎನ್‌ಎಸ್ ತುಶಿಲ್‌ನಲ್ಲೂ ಉಕ್ರೇನಿನ ಟರ್ಬೈನುಗಳೇ ಇವೆ. ಕಾದಾಡುವ ಎರಡು ದೇಶಗಳ ಕೈಕೆಲಸ ಒಂದೇ ಹಡಗಿನೊಳಗೆ ಕೂತಿರುವುದು ವಿಚಿತ್ರವೇ ಸರಿ.

ಚಾಮರಾಜನಗರ ಜಿಲ್ಲೆಗೆ ಕಡಲಿಲ್ಲ. ಆದರೂ ಈ ಎಂಜಿನ್ನಿನ ಕೆಲಸ ಇಲ್ಲಿಂದ ತೀರಾ ದೂರವಿಲ್ಲ. ಎಚ್‌ಎಎಲ್‌ನ ಇಂಡಸ್ಟ್ರಿಯಲ್ ಅಂಡ್ ಮರೀನ್ ಗ್ಯಾಸ್ ಟರ್ಬೈನ್ ವಿಭಾಗ ಇರುವುದು ಬೆಂಗಳೂರಿನಲ್ಲಿ. ಶಿವಾಲಿಕ್, ವಿಕ್ರಾಂತ್ ನೌಕೆಗಳ ಎಲ್‌ಎಂ-2500 ಎಂಜಿನ್ನುಗಳ ಕೆಲಸ ನಡೆದದ್ದು ಅಲ್ಲೇ. ರಕ್ಷಣಾ ಸಂಶೋಧನಾ ಸಂಸ್ಥೆಯ ಜಿಟಿಆರ್‌ಇ ಪ್ರಯೋಗಾಲಯವೂ ಬೆಂಗಳೂರಿನದೇ. ಅದು ಯುದ್ಧವಿಮಾನಕ್ಕೆಂದು ರೂಪಿಸಿದ ಎಂಜಿನ್ನು ‘ಕಾವೇರಿ’, ಅದರ ಒಳತಿರುಳಿನ ಭಾಗ ‘ಕಬಿನಿ’. ತಿರುಮಕೂಡಲು ನರಸೀಪುರದಲ್ಲಿ ಕೂಡಿ ಕೊಳ್ಳೇಗಾಲದ ಕಡೆಗೆ ಹರಿದುಬರುವ ಎರಡು ಹೊಳೆಗಳ ಹೆಸರೇ ಇವು. ವಿಮಾನದ ಮಟ್ಟಿಗೆ ಕಾವೇರಿ ಗುರಿ ಮುಟ್ಟಲಿಲ್ಲ; ಅದರಿಂದ ಹಡಗಿಗೆಂದು ಹೊರತೆಗೆದ ರೂಪವನ್ನು ವಿಶಾಖಪಟ್ಟಣದ ನೌಕಾ ಡಾಕ್‌ಯಾರ್ಡ್‌ನಲ್ಲಿ 12 ಮೆಗಾವ್ಯಾಟ್ ತನಕ ಓಡಿಸಿ ಪರೀಕ್ಷಿಸಲಾಗಿದೆ. ಸೋವಿಯತ್ ಮತ್ತು ಉಕ್ರೇನ್ ಮೂಲದ ಟರ್ಬೈನುಗಳನ್ನು ಬಿಚ್ಚಿ ಹೊಸದು ಮಾಡುವ ನೌಕಾಪಡೆಯ ಕೇಂದ್ರ ಐಎನ್‌ಎಸ್ ಏಕಶಿಲಾ ಕೂಡ ವಿಶಾಖಪಟ್ಟಣದಲ್ಲೇ ಇದೆ. ಕರ್ನಾಟಕದ ಕರಾವಳಿಯಲ್ಲಿ ಕಾರವಾರದ ಬಳಿ ಸೀಬರ್ಡ್ ಯೋಜನೆಯಡಿ 2005ರಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾಯಿತು, ಜೊತೆಗೆ ಹಡಗು ದುರಸ್ತಿ ಯಾರ್ಡ್ ಬಂತು.

ಹೊಸಬನ ಕೈಗೆ ಎಂಜಿನ್ನು ಬಿಚ್ಚುವ ಕೆಲಸ ಸಿಗುವುದಿಲ್ಲ. ಮೊದಲು ಸಿಗುವುದು ತೊಳೆಯುವುದು, ನೋಡುವುದು, ಎಣಿಸುವುದು, ಬರೆಯುವುದು. ಇದನ್ನು ಕೀಳು ಕೆಲಸ ಎಂದುಕೊಂಡು ಬೇಸರಪಡುವವರೂ ಇದ್ದಾರೆ. ಎಂಜಿನ್ನಿನ ಆಯುಸ್ಸು ನಿಂತಿರುವುದು ಇದರ ಮೇಲೇ.

ತೊಳೆಯುವ ಕೆಲಸದಿಂದಲೇ ಶುರುಮಾಡಬಹುದು. ಸೆಕೆಂಡಿಗೆ 70 ಕೆ.ಜಿ. ಗಾಳಿ ಎಳೆಯುವ ಎಂಜಿನ್ನು ಆ ಗಾಳಿಯ ಜೊತೆ ಕಡಲಿನ ತುಂತುರನ್ನೂ ಎಳೆಯುತ್ತದೆ. ಗಾಳಿ ಬರುವ ದಾರಿಯಲ್ಲಿ ನೀರಹನಿ ತಡೆಯುವ ಜರಡಿಗಳಿದ್ದರೂ ಉಪ್ಪಿನ ಸಣ್ಣ ಅಂಶ ನುಸುಳಿಯೇ ನುಸುಳುತ್ತದೆ. ಅದು ಕಂಪ್ರೆಸರ್ ಬ್ಲೇಡುಗಳ ಮೇಲೆ ತೆಳ್ಳನೆ ಪದರವಾಗಿ ಕೂತು ಗಾಳಿಯ ಹರಿವನ್ನು ಕೆಡಿಸುತ್ತದೆ. ಅಷ್ಟೇ ಶಕ್ತಿಗೆ ಹೆಚ್ಚು ಇಂಧನ ಉರಿಸಬೇಕಾಗುತ್ತದೆ, ಕಾವು ಏರುತ್ತದೆ. ಅದಕ್ಕಿಂತ ದೊಡ್ಡ ಕೇಡು ಹಿಂಬದಿಯಲ್ಲಿ ನಡೆಯುತ್ತದೆ. ಉಪ್ಪಿನ ಸೋಡಿಯಂ ಇಂಧನದ ಗಂಧಕದೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಆ ಕಾವಿನಲ್ಲಿ ಕರಗಿ ಟರ್ಬೈನ್ ಬ್ಲೇಡಿಗೆ ಅಂಟಿಕೊಂಡು ಮೇಲಿನ ರಕ್ಷಣಾ ಲೇಪವನ್ನು ತಿನ್ನುತ್ತದೆ. ಲೇಪ ಹೋದ ಮೇಲೆ ಒಳಗಿನ ನಿಕ್ಕಲ್ ಮಿಶ್ರಲೋಹದ ಸರದಿ. ನೌಕೆಯ ಟರ್ಬೈನಿಗೂ ವಿಮಾನದ ಎಂಜಿನ್ನಿಗೂ ಲೇಪ ಮತ್ತು ಲೋಹದಲ್ಲಿ ವ್ಯತ್ಯಾಸವಿರುವುದು ಬಹುಮಟ್ಟಿಗೆ ಈ ಉಪ್ಪಿಗೆ ಹೆದರಿಯೇ.

ತೊಳೆಯಲು ಎಂಜಿನ್ನು ಮೊದಲು ಆರಬೇಕು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯವಿದೆ. ಆಮೇಲೆ ಒತ್ತಡ ಅಳೆಯಲು ಜೋಡಿಸಿದ ಸಣ್ಣ ಪೈಪುಗಳಿಗೆ ನೀರು ಹೋಗದಂತೆ ಮುಚ್ಚಬೇಕು, ಕೆಳಗಿನ ಡ್ರೇನುಗಳನ್ನು ತೆರೆಯಬೇಕು. ಇಂಧನವಿಲ್ಲದೆ, ಕಿಡಿ ಹಚ್ಚದೆ, ಸ್ಟಾರ್ಟರ್‌ನಿಂದಷ್ಟೇ ರೋಟರ್ ತಿರುಗಿಸುತ್ತಾ, ನಿಗದಿತ ಪ್ರಮಾಣದಲ್ಲಿ ಬೆರೆಸಿದ ಸಾಬೂನುದ್ರಾವಣವನ್ನು ಒಳಗೆ ಸಿಂಪಡಿಸುತ್ತಾರೆ. ಕೆಲ ಹೊತ್ತು ನೆನೆಯಲು ಬಿಟ್ಟು ಶುದ್ಧ ನೀರಿನಿಂದ ಜಾಲಿಸುತ್ತಾರೆ. ಕೊನೆಗೆ ಎಂಜಿನ್ನನ್ನು ಚಾಲೂ ಮಾಡಿ ನಿಧಾನಗತಿಯಲ್ಲಿ ಓಡಿಸಿ ಒಣಗಿಸುತ್ತಾರೆ. ನೀರೂ ಉಪ್ಪಿಲ್ಲದ ಶುದ್ಧ ನೀರೇ ಆಗಬೇಕು. ಬೋರ್‌ವೆಲ್ಲಿನ ಗಡುಸು ನೀರಿನಿಂದ ತೊಳೆದರೆ ಉಪ್ಪು ತೆಗೆದು ಸುಣ್ಣ ಹಚ್ಚಿದಂತೆಯೇ. ಸರಿಯಾಗಿ ತೊಳೆದಿದ್ದರೆ ಅದು ಗೇಜಿನಲ್ಲೇ ಕಾಣುತ್ತದೆ: ಕಂಪ್ರೆಸರ್‌ನ ಒತ್ತಡ ಮೇಲೇರಿರುತ್ತದೆ, ಅದೇ ಶಕ್ತಿಗೆ ಅನಿಲದ ಕಾವು ಇಳಿದಿರುತ್ತದೆ.

ಎರಡನೆಯದು ಗಾಳಿಯ ದಾರಿಯನ್ನು ಕಾಯುವುದು. ಎಂಜಿನ್ನಿನ ಬಾಯಿಗೆ ಹೋಗುವ ಕೋಣೆಯಂಥ ಜಾಗಕ್ಕೆ ಮನುಷ್ಯರು ಇಳಿದು ಪರೀಕ್ಷಿಸಬೇಕು. ಇಳಿಯುವ ಮುನ್ನ ಜೇಬು ಖಾಲಿ ಮಾಡಬೇಕು. ಪೆನ್ನು, ನಾಣ್ಯ, ಮೊಬೈಲು, ಉಂಗುರ, ವಾಚು, ಕೊರಳ ದಾರ ಎಲ್ಲವೂ ಹೊರಗೇ. ಒಯ್ದ ಸ್ಪ್ಯಾನರ್, ಟಾರ್ಚುಗಳನ್ನು ಒಳಹೋಗುವಾಗ ಎಣಿಸಿ ಬರೆದು, ಹೊರಬರುವಾಗ ಮತ್ತೆ ಎಣಿಸಬೇಕು. ಒಂದು ನಟ್ಟು ಕಡಿಮೆ ಬಂದರೂ ಅದು ಸಿಗುವ ತನಕ ಎಂಜಿನ್ನು ಚಾಲೂ ಆಗುವುದಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿಗೆ ಒಂದು ವಾಷರ್ ಬಡಿದರೆ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲ ಹಾಳಾಗಬಹುದು. ವರ್ಕ್‌ಶಾಪಿನಲ್ಲಿ ಪ್ರತಿ ಉಪಕರಣದ ಆಕಾರವನ್ನೇ ಬರೆದಿರುವ ಹಲಗೆಗಳನ್ನು ಗೋಡೆಗೆ ಹಾಕಿರುತ್ತಾರೆ. ಯಾವುದು ಜಾಗದಲ್ಲಿಲ್ಲ ಎಂಬುದು ದೂರದಿಂದಲೇ ಗೊತ್ತಾಗುತ್ತದೆ. ಐಟಿಐನಿಂದ ಬಂದವರಿಗೆ ಮೊದಮೊದಲು ಹಿಂಸೆ ಎನಿಸುವ ಶಿಸ್ತು ಇದೇ.

ಮೂರನೆಯದು ಬೋರ್‌ಸ್ಕೋಪ್ ಪರೀಕ್ಷೆ. ಎಂಜಿನ್ನಿನ ಕವಚದಲ್ಲಿ ಅಲ್ಲಲ್ಲಿ ಮುಚ್ಚಳ ಹಾಕಿದ ಸಣ್ಣ ತೂತುಗಳಿವೆ. ಅವುಗಳ ಮೂಲಕ ತೆಳ್ಳನೆ ಕ್ಯಾಮೆರಾ ಕೊಳವೆ ತೂರಿಸಿ ಒಳಗಿನ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತಾರೆ. ಕ್ಯಾಮೆರಾ ಹಿಡಿಯುವುದು ಹಿರಿಯ ಟೆಕ್ನೀಷಿಯನ್. ಕಿರಿಯನದು ಕೆಳಗೆ ಕುಳಿತು, ಆಕ್ಸೆಸರಿ ಗೇರ್‌ಬಾಕ್ಸಿನ ಮುಚ್ಚಳ ತೆಗೆದು, ಅಲ್ಲಿ ರ‍್ಯಾಚೆಟ್ ಸಿಕ್ಕಿಸಿ, ಮೇಲಿನಿಂದ ಮಾತು ಬಂದಾಗ ರೋಟರನ್ನು ಒಂದಿಷ್ಟು ತಿರುಗಿಸಿ, ನಿಲ್ಲು ಎಂದಾಗ ನಿಲ್ಲಿಸುವ ಕೆಲಸ. ಯಾವ ಬ್ಲೇಡಿನಿಂದ ಎಣಿಕೆ ಶುರುವಾಯಿತು, ಈಗ ಎಷ್ಟನೆಯದು ಎಂಬ ಲೆಕ್ಕ ತಪ್ಪಬಾರದು. ತಪ್ಪಿದರೆ ಮೊದಲಿನಿಂದ ಶುರು. ಅಂಚಿನ ಚಿಕ್ಕ ಕಚ್ಚು, ಕಾವಿನಿಂದ ಬಣ್ಣ ತಿರುಗಿದ ಲೇಪ, ಕೂದಲೆಳೆಯ ಬಿರುಕು, ಇಂಧನದ ನಳಿಕೆಯ ಬಾಯಲ್ಲಿ ಕಟ್ಟಿದ ಇದ್ದಲು ಇವೆಲ್ಲ ಹುಡುಕಬೇಕಾದ ಗುರುತುಗಳು. ಸಾವಿರಾರು ಎಳೆಗಳ ಹಾಸಿನಲ್ಲಿ ಹರಿದ ಒಂದೇ ಎಳೆಯನ್ನು ಹಿಡಿಯುವ ಕೊಳ್ಳೇಗಾಲದ ರೇಷ್ಮೆ ನೇಕಾರನ ಕಣ್ಣು ಇಲ್ಲಿ ಬೇಕು. ಕಂಡ ಕಚ್ಚನ್ನು ‘ಚಿಕ್ಕದು, ಪರವಾಗಿಲ್ಲ’ ಎಂದು ತಾನೇ ತೀರ್ಮಾನಿಸುವಂತಿಲ್ಲ. ಉದ್ದ, ಆಳ, ಜಾಗ ಬರೆದಿಡಬೇಕು. ಎಷ್ಟರ ತನಕ ತಡೆದುಕೊಳ್ಳಬಹುದು ಎಂಬ ಮಿತಿ ಕೈಪಿಡಿಯಲ್ಲಿದೆ, ತೀರ್ಪು ಮೇಲಿನವರದು.

ಎಣ್ಣೆಯ ವಿಚಾರವೂ ಹೊಸಬನ ಪಾಲಿನದೇ. ಗ್ಯಾಸ್ ಟರ್ಬೈನಿಗೆ ಹಾಕುವುದು ಲಾರಿ, ಟ್ರ್ಯಾಕ್ಟರಿಗೆ ಹಾಕುವ ಎಣ್ಣೆಯಲ್ಲ; ಹೆಚ್ಚು ಕಾವು ತಡೆಯುವ ಸಿಂಥೆಟಿಕ್ ಎಣ್ಣೆ. ಎರಡನ್ನೂ ಬೆರೆಸುವಂತಿಲ್ಲ. ಸಿಂಥೆಟಿಕ್ ಎಣ್ಣೆ ಬಣ್ಣ ಕೀಳುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ, ಕೈಗವಸು ಬೇಕು. ಮಟ್ಟ ನೋಡುವಾಗ ಬಣ್ಣ ಕಪ್ಪಾಗಿದೆಯೇ, ಡೀಸೆಲ್ ವಾಸನೆ ಬರುತ್ತಿದೆಯೇ ಎಂದೂ ನೋಡಬೇಕು. ಎಣ್ಣೆ ಹಿಂತಿರುಗುವ ದಾರಿಯಲ್ಲಿ ಸಣ್ಣ ಅಯಸ್ಕಾಂತಗಳಿರುತ್ತವೆ. ಬೇರಿಂಗ್ ಸವೆಯುತ್ತಿದ್ದರೆ ಲೋಹದ ಚೂರು ಅವುಗಳಿಗೆ ಅಂಟಿರುತ್ತದೆ. ಕಣ್ಣಿಗೆ ಕಾಣದ ಸವೆತವನ್ನು ತಿಳಿಯಲು ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊಳಕು ಬಾಟಲಿಯಲ್ಲಿ ತುಂಬಿಸಿದ ಮಾದರಿ ಸುಳ್ಳು ಹೇಳುತ್ತದೆ. ಒಳ್ಳೆಯ ಎಂಜಿನ್ನನ್ನು ಕಾರಣವಿಲ್ಲದೆ ಬಿಚ್ಚಿಸುತ್ತದೆ, ಇಲ್ಲವೇ ಕೆಟ್ಟದ್ದನ್ನು ಓಡಲು ಬಿಡುತ್ತದೆ. ಇಂಧನದ ಸೋಸುಕದಲ್ಲಿ ತಂಗಿದ ನೀರನ್ನು ಬಸಿಯುವುದು, ಸೋಸುಕ ಬದಲಿಸುವುದು, ಪೈಪಿನ ಕೂಡುಗಳಲ್ಲಿ ಜಿನುಗು ಇದೆಯೇ ಎಂದು ನೋಡುವುದು ದಿನನಿತ್ಯದ ಪಾಠ.

ಬಿಗಿಮಾಡುವ ಕೆಲಸದಲ್ಲಿ ಕೈಯಳತೆಗೆ ಬೆಲೆಯಿಲ್ಲ. ಪ್ರತಿ ಬೋಲ್ಟಿಗೂ ಇಷ್ಟೇ ಬಿಗಿ ಎಂಬ ಅಂಕಿ ಇದೆ; ಟಾರ್ಕ್ ವ್ರೆಂಚಿನ ತಪಾಸಣಾ ಚೀಟಿಯ ತಾರೀಖು ಮುಗಿದಿದ್ದರೆ ಅದನ್ನು ಮುಟ್ಟುವಂತಿಲ್ಲ. ಬಿಗಿಮಾಡಿದ ಬೋಲ್ಟು ಅದುರಿ ಸಡಿಲವಾಗದಂತೆ ಎರಡು ಮೂರನ್ನು ಸೇರಿಸಿ ತಂತಿ ಹೆಣೆಯುತ್ತಾರೆ. ಈ ಲಾಕ್‌ವೈರ್ ಎಳೆಯುವ ದಿಕ್ಕು ಬೋಲ್ಟನ್ನು ಬಿಗಿಯತ್ತಲೇ ತಿರುಗಿಸುವಂತಿರಬೇಕು. ಉಲ್ಟಾ ಹೆಣೆದರೆ ಹಾಕದಿದ್ದಂತೆಯೇ. ಹೊಸಬರು ವಾರಗಟ್ಟಲೆ ಹಲಗೆಯ ಮೇಲಿನ ಬೋಲ್ಟುಗಳಿಗೆ ತಂತಿ ಹೆಣೆದು ಬಿಚ್ಚಿ ಅಭ್ಯಾಸ ಮಾಡುತ್ತಾರೆ.

ಎಂಜಿನ್ನು ಚಾಲೂ ಆಗುವಾಗ ಕಿರಿಯನ ಕಣ್ಣು ಗೇಜಿನ ಮೇಲಿರಬೇಕು. ಒತ್ತಿದ ಗಾಳಿ ಸ್ಟಾರ್ಟರನ್ನು ತಿರುಗಿಸುತ್ತದೆ, ರೋಟರ್ ವೇಗ ಪಡೆಯುತ್ತದೆ, ಇಂಧನ ಬರುತ್ತದೆ, ಕಿಡಿ ಹತ್ತುತ್ತದೆ. ಕಾವು ಹದ ಮೀರಿ ಏರಿದರೆ, ಇಲ್ಲವೇ ಬೆಂಕಿ ಹತ್ತಿಯೂ ವೇಗ ಏರದೆ ಅಲ್ಲೇ ನಿಂತರೆ, ತಕ್ಷಣ ನಿಲ್ಲಿಸಬೇಕು. ಈಗ ಇದನ್ನೆಲ್ಲ ಕಂಪ್ಯೂಟರೇ ನೋಡಿಕೊಂಡು ನಿಲ್ಲಿಸುತ್ತದೆ; ಆದರೂ ಕ್ಷಣಕ್ಷಣದ ಅಂಕಿ ಲಾಗ್ ಪುಸ್ತಕಕ್ಕೆ ಬೇಕು. ನಿಲ್ಲಿಸುವಾಗಲೂ ಅವಸರವಿಲ್ಲ. ಕೆಲ ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಕಾವು ಸಮವಾಗಿ ಇಳಿದ ಮೇಲೆ ಇಂಧನ ಕಡಿಯಬೇಕು. ಆಮೇಲೆ ರೋಟರ್ ತಾನಾಗಿ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು, ನಿಲ್ಲುವಾಗ ಉಜ್ಜಿದ ಸದ್ದು ಬಂತೇ ಎಂಬುದನ್ನೂ ಬರೆಯುತ್ತಾರೆ. ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಒಳಗೆ ಏನೋ ಹಿಡಿಯುತ್ತಿದೆ ಎಂದರ್ಥ.

ಅಪಾಯವಿಲ್ಲದ ಕೆಲಸವಲ್ಲ ಇದು. ಎಂಜಿನ್ನು ಕೂತಿರುವುದು ಸದ್ದು, ಕಾವು ತಡೆಯುವ ಲೋಹದ ಪೆಟ್ಟಿಗೆಯೊಳಗೆ. ಬೆಂಕಿ ಕಂಡರೆ ಅದರೊಳಗೆ ಕಾರ್ಬನ್ ಡೈಆಕ್ಸೈಡ್‌ನಂಥ ಅನಿಲ ತುಂಬಿ ಆರಿಸುವ ವ್ಯವಸ್ಥೆ ಇರುತ್ತದೆ. ಅದೇ ಅನಿಲ ಒಳಗಿರುವ ಮನುಷ್ಯನ ಉಸಿರನ್ನೂ ಕಟ್ಟಿಸುತ್ತದೆ. ಬಾಗಿಲು ತೆರೆಯುವ ಮುನ್ನ ಆ ವ್ಯವಸ್ಥೆಯನ್ನು ತಡೆದು, ಸ್ಟಾರ್ಟರ್ ಗಾಳಿ ಮತ್ತು ಇಂಧನದ ವಾಲ್ವು ಮುಚ್ಚಿ, ಕೆಂಪು ಚೀಟಿ ಕಟ್ಟಬೇಕು. ಚೀಟಿ ಕಟ್ಟಿದವರೇ ಬಿಚ್ಚಬೇಕು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ. ಕಿವಿಗೆ ರಕ್ಷಣೆ ಇಲ್ಲದೆ ಓಡುವ ಎಂಜಿನ್ನಿನ ಹತ್ತಿರ ನಿಲ್ಲುವಂತಿಲ್ಲ.

ದೊಡ್ಡ ರಿಪೇರಿಯನ್ನು ಹಡಗಿನಲ್ಲೇ ಮಾಡುವುದಿಲ್ಲ. ಗಾಳಿ ಒಳಬರುವ ದಾರಿಯಲ್ಲೇ ಹಳಿಗಳನ್ನು ಜೋಡಿಸಿ ಎಂಜಿನ್ನನ್ನು ಮೇಲಕ್ಕೆ ಎಳೆದು ತೆಗೆದು, ಬೇರೊಂದನ್ನು ಇಳಿಸುತ್ತಾರೆ. ಹಳೆಯದು ಬೆಂಗಳೂರಿಗೋ ವಿಶಾಖಪಟ್ಟಣಕ್ಕೋ ಹೋಗುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಈ ಕೆಲಸಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಐಟಿಐ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ವೆಲ್ಡರ್ ಟ್ರೇಡುಗಳಲ್ಲಿ ಪಾಸಾದವರನ್ನು 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ನೌಕಾ ಡಾಕ್‌ಯಾರ್ಡ್‌ಗಳು, ಕಾರವಾರದ ದುರಸ್ತಿ ಯಾರ್ಡ್ ತರಬೇತಿಗೆ ತೆಗೆದುಕೊಳ್ಳುತ್ತವೆ. ವಿಶಾಖಪಟ್ಟಣದ ಡಾಕ್‌ಯಾರ್ಡ್ ಅಪ್ರೆಂಟಿಸ್ ಶಾಲೆ ಇತ್ತೀಚಿನ ಅಧಿಸೂಚನೆಗಳಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಶೇ. 50, ಐಟಿಐನಲ್ಲಿ ಶೇ. 65 ಅಂಕ ಕೇಳಿದೆ. ಕೊಡುವುದು ಸಂಬಳವಲ್ಲ, ಶಿಷ್ಯವೇತನ. ತರಬೇತಿ ಮುಗಿದರೆ ಕಾಯಂ ಕೆಲಸ ಖಾತ್ರಿಯೂ ಅಲ್ಲ. ಆದರೆ ಆ ಪ್ರಮಾಣಪತ್ರವಿದ್ದರೆ ಡಾಕ್‌ಯಾರ್ಡಿನ ಟ್ರೇಡ್ಸ್‌ಮನ್ ಹುದ್ದೆಗಳಿಗೆ ಅರ್ಜಿ ಹಾಕಲು ದಾರಿಯಾಗುತ್ತದೆ.

ಇನ್ನೊಂದು ದಾರಿ ನೌಕಾಪಡೆಯ ಸಮವಸ್ತ್ರ. 2022ರಲ್ಲಿ ಶುರುವಾದ ಅಗ್ನಿವೀರ ಯೋಜನೆಯ ಎಸ್‌ಎಸ್‌ಆರ್ ವಿಭಾಗಕ್ಕೆ ಗಣಿತ, ಭೌತಶಾಸ್ತ್ರದೊಂದಿಗೆ ಪಿಯುಸಿ ಆಗಿರಬೇಕು. ಎಂಜಿನಿಯರಿಂಗ್ ಡಿಪ್ಲೊಮಾದವರಿಗೂ ಅವಕಾಶವಿದೆ. ಹುಡುಗಿಯರನ್ನೂ ಮೊದಲ ತಂಡದಿಂದಲೇ ಸೇರಿಸಿಕೊಳ್ಳಲಾಗಿದೆ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ. ಎಂಜಿನ್ ವಿಭಾಗಕ್ಕೆ ಆಯ್ಕೆಯಾದವರು ಮಹಾರಾಷ್ಟ್ರದ ಲೋಣಾವಳಾದ ಐಎನ್‌ಎಸ್ ಶಿವಾಜಿಗೆ ಹೋಗುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000, ಅದರಲ್ಲಿ ಶೇ. 30ರಷ್ಟು ಸೇವಾ ನಿಧಿಗೆ ಹಿಡಿದುಕೊಂಡು, ಸರ್ಕಾರವೂ ಅಷ್ಟೇ ಸೇರಿಸಿ, ಕೊನೆಗೆ ಒಟ್ಟಾಗಿ ಕೊಡುತ್ತದೆ. ನಾಲ್ಕು ವರ್ಷದ ಮೇಲೆ ಕಾಯಂ ಆಗುವುದು ಶೇ. 25ರವರೆಗೆ ಮಾತ್ರ ಎಂಬುದನ್ನು ಮನೆಯವರು ಮೊದಲೇ ತಿಳಿದಿರುವುದು ಒಳ್ಳೆಯದು.

ಈ ಭಾಗದ ಕನ್ನಡ ಮಾಧ್ಯಮದವರು ಎಡವುವುದು ಸ್ಪ್ಯಾನರ್ ಹಿಡಿಯುವಲ್ಲಿ ಅಲ್ಲ, ಅದಕ್ಕೂ ಮುಂಚಿನ ಹೊಸ್ತಿಲಲ್ಲಿ. ನೌಕಾಪಡೆಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷಿನಲ್ಲಿರುತ್ತದೆ. ಎಂಜಿನ್ನಿನ ಕೈಪಿಡಿಗಳೂ ಇಂಗ್ಲಿಷಿನವೇ. ಕೈಪಿಡಿಯ ಇಂಗ್ಲಿಷು ಕಷ್ಟದ್ದೇನಲ್ಲ: ತೆಗೆ, ನೋಡು, ಅಳೆ, ಬದಲಿಸು, ಬರೆ ಎಂಬ ಆಜ್ಞಾವಾಕ್ಯಗಳು ಮತ್ತು ನೂರಿನ್ನೂರು ಬಿಡಿಭಾಗಗಳ ಹೆಸರು. ಐಟಿಐ ಓದುವಾಗಲೇ ನಕ್ಷೆ ಓದುವುದನ್ನೂ ಇಂಚು, ಮಿಲಿಮೀಟರಿನ ಲೆಕ್ಕವನ್ನೂ ಗಟ್ಟಿ ಮಾಡಿಕೊಂಡವರಿಗೆ ಉಳಿದದ್ದು ಕೆಲ ತಿಂಗಳ ಅಭ್ಯಾಸ. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಈ ಕೈಪಿಡಿ ಭಾಷೆಗೆಂದೇ ವಾರಕ್ಕೊಂದು ತರಗತಿ ನಡೆದರೆ ಹೆಚ್ಚು ಖರ್ಚಿಲ್ಲದೆ ದೊಡ್ಡ ಲಾಭವಾದೀತು.

ಕಲಿತ ವಿದ್ಯೆ ಹಡಗಿಗಷ್ಟೇ ಸೀಮಿತವಲ್ಲ. ಎಲ್‌ಎಂ-2500ನಂಥ ಎಂಜಿನ್ನುಗಳೇ ಎಣ್ಣೆಬಾವಿಗಳ ಕಟ್ಟೆಗಳಲ್ಲಿ, ಗ್ಯಾಸ್ ಪೈಪುಗಳ ಪಂಪಿಂಗ್ ಠಾಣೆಗಳಲ್ಲಿ ವಿದ್ಯುತ್ತಿಗೂ ಒತ್ತಡಕ್ಕೂ ಬಳಕೆಯಾಗುತ್ತವೆ. ಕರ್ನಾಟಕ ವಿದ್ಯುತ್ ನಿಗಮ ಯಲಹಂಕದಲ್ಲಿ ಕಟ್ಟಿರುವ 370 ಮೆಗಾವ್ಯಾಟಿನ ಸ್ಥಾವರದಲ್ಲೂ ಗ್ಯಾಸ್ ಟರ್ಬೈನೇ ಇದೆ. ಗಾತ್ರ ದೊಡ್ಡದು, ತಯಾರಿಕೆಯ ಬಗೆ ಬೇರೆ. ಆದರೆ ಕಂಪ್ರೆಸರ್ ತೊಳೆಯುವುದು, ಬೋರ್‌ಸ್ಕೋಪ್ ತೂರಿಸುವುದು, ಎಣ್ಣೆಯ ಮಾದರಿ ತೆಗೆಯುವುದು, ಲಾಗ್ ಪುಸ್ತಕ ಬರೆಯುವುದು ಅಲ್ಲೂ ಹೀಗೆಯೇ ನಡೆಯುತ್ತದೆ.